ರೇಸ್ ಟ್ರ್ಯಾಕಿನಲ್ಲಿ ನಮ್ಮ ಹಳೇ ಕಾರು

ಮೇಷ್ಟ್ರೂ ಟೀಚರೂ ಸೇರಿ ಸ್ವಂತ ಕಾರು ತಗೊಂಡು ರೇಸ್ ಟ್ರ್ಯಾಕಿಗೆ ಹೋಗಿದ್ದಾರೆ ಅನ್ನೋ ಸುದ್ದಿ ನಮಗಿಂತ ಮೊದಲೇ ತಾಳವಾಡಿಗೆ ಬಂದು ತಲುಪಿತ್ತು. ಸೋಮವಾರ ಬೆಳಿಗ್ಗೆ ಶಾಲೆ ಗೇಟಿನಲ್ಲೇ ಏಳನೇ ಕ್ಲಾಸಿನ ಹುಡುಗನೊಬ್ಬ "ಸಾರ್, ಎಷ್ಟನೇ ಪ್ರೈಜು?" ಅಂತ ಕೇಳಿದ. ಪ್ರೈಜೂ ಇಲ್ಲ ಏನೂ ಇಲ್ಲ ಕಣೋ, ಅದು ಸ್ಪರ್ಧೆಯೇ ಅಲ್ಲ ಅಂದರೆ ಅವನು ನಂಬಲಿಲ್ಲ. ಸೋತು ಬಂದಿದ್ದಾರೆ, ಹೇಳಿಕೊಳ್ಳೋಕೆ ನಾಚಿಕೆ ಅಂದುಕೊಂಡಿರಬೇಕು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದುಬಿಡೋಣ ಅಂತ ಇಬ್ಬರೂ ಕೂತಿದ್ದೇವೆ. ಒಬ್ಬರು ಗಣಿತ, ಇನ್ನೊಬ್ಬರು ವಿಜ್ಞಾನ. ಮನೆ ಒಂದೇ, ಕಾರೂ ಒಂದೇ, ಅದರ ಸಾಲವೂ ಒಂದೇ!

ಇದು ಶುರುವಾಗೋದು ಹೋದ ವರ್ಷದ ಒಂದು ಶನಿವಾರದಿಂದ. ಮೂರು ಮಕ್ಕಳನ್ನು ಚಿತ್ರಕಲಾ ಸ್ಪರ್ಧೆಗೆ ಅಂತ ಗೋಬಿಗೆ ಕರೆದುಕೊಂಡು ಹೊರಟಿದ್ದೆವು. ನಮ್ಮ ಕಡೆಯವರಿಗೆ ಗೊತ್ತು... ಸ್ಪರ್ಧೆ ಇರಲಿ, ಆಫೀಸಿನ ಕೆಲಸ ಇರಲಿ, ದಿಂಬಂ ಘಾಟಿ ಇಳಿಯದೆ ಗತಿಯಿಲ್ಲ. 27 ಹೇರ್‌ಪಿನ್ ತಿರುವು. ಓಡಿಸುತ್ತಿದ್ದವರು ಗಣಿತದವರು. ಮೇಲಿಂದ ಇಪ್ಪತ್ತು ತಿರುವು ಚೆನ್ನಾಗಿಯೇ ಇಳಿದೆವು. ಕೆಳಗಿನಿಂದ ಎಣಿಸಿದರೆ ಆರನೆಯದೋ ಏಳನೆಯದೋ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಹಾಗೇ ಒಳಗೆ ಹೋಯಿತು. ಎರಡು ಮೂರು ಸಲ ಪಟಪಟ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ತಡೆಗೋಡೆಗೆ ಒಂದು ಮೊಳ ಇದೆ ಅನ್ನುವಾಗ ನಿಂತಿತು. ಹಿಂದೆ ಕೂತಿದ್ದ ಮಕ್ಕಳಿಗೆ ಏನಾಯಿತು ಅಂತಲೂ ತಿಳಿಯಲಿಲ್ಲ. ಅವರಲ್ಲೊಬ್ಬಳು "ಮಂಗ ಬಂತಾ ಸಾರ್?" ಅಂತ ಕೇಳಿದಳು.

ಅರ್ಧ ಗಂಟೆ ಅಲ್ಲೇ ಕೂತು ಎದ್ದ ಮೇಲೆ ಬ್ರೇಕ್ ಸರಿಯಾಗಿಯೇ ಹಿಡಿಯಿತು. ಊರಿನ ಮೆಕ್ಯಾನಿಕ್ ನೋಡಿದರು, ಏನೂ ತೊಂದರೆ ಇಲ್ಲ ಅಂದರು. ಅಲ್ಲಿಂದ ಜಗಳ ಶುರು. "ನೀವು ಜೋರಾಗಿ ಓಡಿಸಿದಿರಿ" ಅಂತ ಒಬ್ಬರು, "ಬ್ರೇಕೇ ಹಿಡೀಲಿಲ್ಲ ಅಂದ್ರೆ ಕೇಳಲ್ವಲ್ಲ" ಅಂತ ಇನ್ನೊಬ್ಬರು. ಒಂದು ವರ್ಷ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಲೇ ಇಲ್ಲ. ಎರಡು ಸ್ಪರ್ಧೆಗಳಿಗೆ ನಮ್ಮ ಶಾಲೆಯಿಂದ ಯಾರೂ ಹೋಗಲಿಲ್ಲ. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಬೆಳಗಿನ ಒಂಬತ್ತಕ್ಕೆ ಅಲ್ಲಿರಬೇಕು, ಸಂಜೆ ತಿರುಗಿ ಹುಡುಗೀರನ್ನು ಅವರವರ ಮನೆ ಬಾಗಿಲಿಗೆ ಬಿಡಬೇಕು ಅಂದರೆ ನಮ್ಮ ಹಳ್ಳಿಗಳ ಬಸ್ಸನ್ನು ನಂಬಿ ಆಗೋದಿಲ್ಲ.

ಈ ಕತೆಯನ್ನು ನಮ್ಮ ಹಳೇ ವಿದ್ಯಾರ್ಥಿಯೊಬ್ಬನಿಗೆ ಫೋನಿನಲ್ಲಿ ಹೇಳಿದೆವು. ಹತ್ತನೇ ಕ್ಲಾಸಿನವರೆಗೂ ನಮ್ಮಲ್ಲೇ ಕನ್ನಡದಲ್ಲಿ ಓದಿದ ಹುಡುಗ, ಈಗ ಕೊಯಮತ್ತೂರಿನಲ್ಲಿ ಗ್ಯಾರೇಜಿನ ಕೆಲಸ. ರೇಸ್ ಕಾರುಗಳನ್ನೂ ರಿಪೇರಿ ಮಾಡುತ್ತಾನೆ. "ಒಂದ್ ಕೆಲ್ಸ ಮಾಡಿ ಸಾರ್. ಟ್ರ್ಯಾಕಲ್ಲಿ ಶನ್ವಾರ ಭಾನ್ವಾರ ಡ್ರೈವಿಂಗ್ ಹೇಳ್ಕೊಡ್ತಾರೆ, ನಿಮ್ ಗಾಡೀನೇ ತನ್ನಿ. ಎದ್ರುಗಡೆಯಿಂದ ಲಾರಿ ಬರಲ್ಲ, ಪಕ್ಕದಲ್ಲಿ ಪ್ರಪಾತ ಇಲ್ಲ. ಬ್ರೇಕ್ ಏನ್ ಮಾಡ್ತದೆ ಅಂತ ಅಲ್ಲಿ ನೋಡಿ" ಅಂದ.

ಶುಲ್ಕ ಕೇಳಿದಾಗ ಗಣಿತದವರು ಎರಡು ದಿನ ಮಾತಾಡಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸ್ ಕಾಗದ ತೆಗೆದು ಓದಿದಾಗ ಬಿತ್ತು. ರೇಸು, ವೇಗದ ಪರೀಕ್ಷೆ ಇಂಥವಕ್ಕೆ ಗಾಡಿ ಬಳಸಿದರೆ ಪಾಲಿಸಿ ಅನ್ವಯಿಸೋದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿಮ್ಮ ಪಾಲಿಸಿಯಲ್ಲೂ ಇದ್ದೀತು, ಬಿಡುವಾದಾಗ ನೋಡಿ. ಅಂದರೆ ಟ್ರ್ಯಾಕಿನಲ್ಲಿ ಏನಾದರೂ ಆದರೆ ಖರ್ಚೆಲ್ಲ ನಮ್ಮದೇ, ಕಂತು ಮಾತ್ರ ಕಟ್ಟುತ್ತಲೇ ಇರಬೇಕು. ಅಮ್ಮ ಬೇರೆ "ಇಷ್ಟ್ ವರ್ಷ ಓಡ್ಸಿ ಈಗ ಕಲಿಯಕ್ ಹೋಗ್ತೀರಾ?" ಅಂತ ನಕ್ಕರು. ಆದರೂ ಹೊರಟೆವು.

ನಮ್ಮದು 11 ವರ್ಷದ ಸಣ್ಣ ಪೆಟ್ರೋಲ್ ಕಾರು. ಎಬಿಎಸ್ ಇಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಟ್ರ್ಯಾಕಿಗೆ ಇಳಿಸುವ ಮುಂಚೆ ಒಳಗೆ ಅಲುಗಾಡುವ ವಸ್ತು ಒಂದೂ ಇರಬಾರದು ಅಂತ ನಿಯಮ. ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡರೆ ಮುಗಿಯಿತಲ್ಲ. ಹಾಗಂತ ಖಾಲಿ ಮಾಡುತ್ತಾ ಹೋದರೆ ಚಾಕ್‌ಪೀಸ್ ಡಬ್ಬ, ಒಂದು ಥ್ರೋಬಾಲ್, ಕಳೆದುಹೋಗಿದೆ ಅಂತ ಹುಡುಕಿದ್ದ ಅರ್ಧವಾರ್ಷಿಕ ಪರೀಕ್ಷೆಯ ಎರಡು ಉತ್ತರ ಪತ್ರಿಕೆ, ಯಾರದೋ ಒಂದು ಚಪ್ಪಲಿ, ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕು. ಕಡೆಗೆ ಡ್ಯಾಶ್‌ಬೋರ್ಡಿನ ಗಣಪತಿಯೂ ಇಳಿಯಬೇಕಾಯಿತು. ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟೆವು.

ಟ್ರ್ಯಾಕ್ ಇರೋದು ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿ. ಕರಿ ಮೋಟಾರ್ ಸ್ಪೀಡ್‌ವೇ ಅಂತ ಹೆಸರು, ಉದ್ದ 2.1 ಕಿಲೋಮೀಟರು. 'ಕರಿ' ಅಂದರೆ ಕಪ್ಪೂ ಅಲ್ಲ, ಆನೆಯೂ ಅಲ್ಲ (ನಾವು ಕಾಡಿನ ಕಡೆಯವರು, ಆನೆ ಅಂತಲೇ ಅಂದುಕೊಂಡಿದ್ದೆವು). ಅದು ಎಸ್. ಕರಿವರ್ಧನ್ ಅವರ ಹೆಸರು. ಮಾರುತಿ ಎಂಜಿನ್ ಕೂರಿಸಿ ಒಂಟಿ ಸೀಟಿನ ರೇಸ್ ಕಾರುಗಳನ್ನು ಇಲ್ಲೇ ಮಾಡಿದವರು. ದುಬಾರಿ ವಿದೇಶಿ ಕಾರಿಲ್ಲದೆಯೂ ನಮ್ಮ ಹುಡುಗರು ರೇಸ್ ಕಲಿಯಲಿ ಅಂತ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಅಂಥ ಊರಿನಲ್ಲಿ ನಮ್ಮ ಕಾರು, ಪಕ್ಕದಲ್ಲಿ ನೆಲಕ್ಕೆ ತಾಗುವ ಹಾಗಿದ್ದ ಕೆಂಪು ಬಣ್ಣದ್ದೊಂದು! ನಮ್ಮ ಹಿಂದಿನ ಗಾಜಿನ ಮೇಲೆ ಶಾಲೆಯ ಹೆಸರು ಕನ್ನಡದಲ್ಲಿ ಇದೆ. ಕೆಂಪು ಕಾರಿನ ಹುಡುಗ ಬಂದು ಇದು ತೆಲುಗಾ ಅಂತ ಕೇಳಿದ.

ಶನಿವಾರ ಪೂರ್ತಿ ವೇಗವೇ ಇರಲಿಲ್ಲ. ಮೊದಲು ಬಾವುಟಗಳ ಪಾಠ. ಹಳದಿ ಅಂದರೆ ಮುಂದೆ ಅಪಾಯ, ಯಾರನ್ನೂ ದಾಟಬೇಡಿ. ನೀಲಿ ಅಂದರೆ ಹಿಂದೆ ವೇಗದ ಕಾರು ಬರುತ್ತಿದೆ, ದಾರಿ ಬಿಡಿ. ಕೆಂಪು ಅಂದರೆ ಎಲ್ಲರೂ ನಿಲ್ಲಿಸಿ ಅಂತ. ನಮಗೆ ನೀಲಿ ಬಾವುಟ ಕಂಡಷ್ಟು ಬೇರೆ ಯಾರಿಗೂ ಕಂಡಿರಲಿಕ್ಕಿಲ್ಲ.

ಆಮೇಲೆ ಬ್ರೇಕಿನ ಪಾಠ. ಪಕ್ಕದ ಸೀಟಿನಲ್ಲಿ ಕಲಿಸುವವರು, ಎದುರಿಗೆ ಸಾಲಾಗಿ ಪ್ಲಾಸ್ಟಿಕ್ ಕೋನುಗಳು. ಅರವತ್ತರಲ್ಲಿ ಬಂದು, ಹೇಳಿದ ಜಾಗದಲ್ಲಿ ಗಟ್ಟಿಯಾಗಿ ತುಳಿಯಬೇಕು. ಗಟ್ಟಿ ಅಂದರೆ ನಾವು ಜನ್ಮದಲ್ಲಿ ತುಳಿದಿರದಷ್ಟು, ಆದರೆ ಚಕ್ರ ಲಾಕ್ ಆಗಬಾರದು. ಲಾಕ್ ಆದರೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೇರವಾಗಿಯೇ ಜಾರುತ್ತದೆ. ನಿಲ್ಲುವ ದೂರ ವೇಗದ ವರ್ಗಕ್ಕೆ ಅನುಗುಣ ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇವೋ! ಒಣ ರಸ್ತೆಯಲ್ಲಿ 60ರಲ್ಲಿ ಸುಮಾರು 20 ಮೀಟರ್ ಬೇಕಾದರೆ 120ರಲ್ಲಿ 80 ಮೀಟರ್. ಬರೆಯುವುದೇ ಬೇರೆ, ಆ ಕೋನುಗಳು ಒಂದೊಂದಾಗಿ ನಮ್ಮ ಬಂಪರಿಗೆ ಬಡಿದು ಹಾರುವುದನ್ನು ನೋಡುವುದೇ ಬೇರೆ.

ಮಧ್ಯಾಹ್ನ ತಿರುವಿನ ಪಾಠ. ಹೊರ ಅಂಚಿನಿಂದ ಒಳಬಂದು, ತಿರುವಿನ ಒಳಮೂಲೆಯನ್ನು ಸವರಿ, ಮತ್ತೆ ಹೊರ ಅಂಚಿಗೆ ಹೋಗಬೇಕು. ಹಾಗೆ ಹೋದರೆ ತಿರುವಿನ ತ್ರಿಜ್ಯ ದೊಡ್ಡದಾಗುತ್ತದೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಟೈರು ಹಿಡಿದುಕೊಳ್ಳುವುದು ಗಂಟೆಗೆ 36 ಕಿ.ಮೀ. ಹತ್ತಿರದವರೆಗೆ, 25 ಮೀಟರ್ ಮಾಡಿಕೊಂಡರೆ 47ರವರೆಗೆ. ಗಣಿತದವರು ಊಟದ ಎಲೆಯ ಪಕ್ಕದಲ್ಲೇ ಲೆಕ್ಕ ಹಾಕಿ ಖುಷಿಪಟ್ಟರು. ಆದರೆ ಆ ಗೆರೆ ದಿಂಬಂನಲ್ಲಿ ನಡೆಯೋದಿಲ್ಲ. ಹೊರ ಅಂಚು ನಮ್ಮದಲ್ಲ, ಎದುರಿನ ಕಬ್ಬಿನ ಲಾರಿಯದು. ಮನೆಗೆ ತರಬಹುದಾದದ್ದು ಉಳಿದ ಎರಡು. ಒಂದು, ಬಾನೆಟ್ಟಿನ ಮುಂದಿನ ರಸ್ತೆ ನೋಡದೆ ತಿರುವಿನ ಆಚೆ ತುದಿ ನೋಡೋದು. ಇನ್ನೊಂದನ್ನು ನಮ್ಮ ಹುಡುಗ ಹೇಳಿದ: "ಬ್ರೇಕೆಲ್ಲ ಮೊದ್ಲೇ, ನೇರ ಇರೋವಾಗ್ಲೇ ಮುಗ್ಸಿಬಿಡಿ ಟೀಚರ್. ಒಳಗೆ ಹೋದ್ಮೇಲೆ ಗಾಬರಿಯಾಗಿ ಕಾಲು ಆಡಿಸ್ಬೇಡಿ."

ಅವನು ಆವತ್ತು ಇನ್ನೊಂದು ಮಾತು ಹೇಳಿದ. ನೀವು ಘರ್ಷಣೆ ಅಂತ ಕಲಿಸಿದ್ದನ್ನ ಇಲ್ಲಿ ಒಬ್ಬರು ಉರಾಯ್ವು ಅಂದರು, ಇನ್ನೊಬ್ಬರು ಫ್ರಿಕ್ಷನ್ ಅಂದರು, ಮೂರೂ ಒಂದೇ ಅಂತ ತಿಳಿಯೋಕೆ ಬಹಳ ದಿನ ಹಿಡೀತು ಸಾರ್, ಅಂತ. ದೂರಲ್ಲ, ನಗುತ್ತಲೇ ಹೇಳಿದ. ನಾವು ಮಾತ್ರ ನಗಲಿಲ್ಲ. ಈಗ ಮುಖ್ಯ ಪದ ಬಂದಾಗಲೆಲ್ಲ ಬೋರ್ಡಿನ ಮೇಲೆ ಮೂರೂ ಬರೆಯುತ್ತಿದ್ದೇವೆ.

ಭಾನುವಾರ ಹದಿನೈದು ಹದಿನೈದು ನಿಮಿಷದ ಸುತ್ತು. ಮೊದಲ ಎರಡು ಸರದಿ ಗಣಿತದವರದು. ಇಳಿದು ಬಂದಾಗ ಹೆಲ್ಮೆಟ್ಟಿನೊಳಗೆ ಮುಖ ಬೆಂದ ಬದನೆಕಾಯಿ! ಕಾರು ಪೂರ್ತಿ ತಣ್ಣಗಾಗುವ ಮುಂಚೆಯೇ ವಿಜ್ಞಾನದವರು ಹತ್ತಿದರು. ನಾಲ್ಕನೇ ಸುತ್ತು, ಉದ್ದನೆ ನೇರ ರಸ್ತೆ, ಮುಳ್ಳು ನೂರು ದಾಟಿದೆ. ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಇಳಿಯಿತು. ಮತ್ತೆ ತುಳಿದರೆ ಅರ್ಧ ಹಿಡಿಯಿತು. ತಿರುಗಿಸುವ ಪ್ರಯತ್ನ ಮಾಡದೆ, ಹಿಂದಿನ ದಿನ ಹೇಳಿಕೊಟ್ಟ ಹಾಗೆ ನೇರವಾಗಿಯೇ ಟ್ರ್ಯಾಕು ಬಿಟ್ಟು ಹುಲ್ಲಿಗೆ ಇಳಿಸಿದರು. ಕಾರು ಎರಡು ಸಲ ಕುಣಿದು ಧೂಳಿನಲ್ಲಿ ನಿಂತಿತು. ಹಳದಿ ಬಾವುಟ ಮೇಲೇರಿತು. ಯಾರಿಗೂ ಏನೂ ಆಗಲಿಲ್ಲ, ಕಾರಿಗೂ.

ಹೆಲ್ಮೆಟ್ ತೆಗೆದು ಆಡಿದ ಮೊದಲ ಮಾತು "ಅವತ್ತು ಘಾಟೀಲಿ ಹೀಗೇ ಆಯ್ತಾ?" ಅಂತ. ಹೀಗೇ ಆಯಿತು. ಒಂದು ವರ್ಷದ ಜಗಳ ಅಲ್ಲಿಗೆ ಮುಗಿಯಿತು ಅನ್ನಿ. ಇನ್ನೊಂದು ಶುರುವಾಗುವುದರಲ್ಲಿತ್ತು.

ನಮ್ಮ ಹುಡುಗ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿದ. ತೆಳು ಹೊಂಬಣ್ಣ ಇರಬೇಕಾದ್ದು ಕಾಫಿ ಕಷಾಯದಂತೆ ಆಗಿತ್ತು. ಯಾವಾಗ ಬದಲಾಯಿಸಿದ್ದು ಅಂದ. ಕಾರು ತಗೊಂಡಾಗಿನಿಂದ ನಾಲ್ಕು ವರ್ಷ ನಾವು ಬದಲಾಯಿಸಿಯೇ ಇರಲಿಲ್ಲ. ಆ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದ್ದು ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಬ್ರೇಕ್ ಕಾದಾಗ ಒಳಗೆ ಕುದಿದು ಆವಿ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಅನಿಲವನ್ನು ಕುಗ್ಗಿಸಬಹುದು, ಎಂಟನೇ ಕ್ಲಾಸಿನವರಿಗೂ ಗೊತ್ತು. ಕಾಲು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ. ತಣ್ಣಗಾದರೆ ಆವಿ ಮತ್ತೆ ದ್ರವ, ಬ್ರೇಕ್ ಮತ್ತೆ ಸರಿ! ಊರಿನಲ್ಲಿ ಏನೂ ತೊಂದರೆ ಇಲ್ಲ ಅಂದದ್ದು ಅದಕ್ಕೇ.

"ಘಾಟಿ ಇಳಿಯೋವಾಗ ಯಾವ ಗೇರಲ್ಲಿ ಇಳೀತೀರಿ ಸಾರ್?" ಅಂತ ಕೇಳಿದ. ಗಣಿತದವರು ಸ್ವಲ್ಪ ಹೊತ್ತು ಆಕಾಶ ನೋಡಿದರು. ನ್ಯೂಟ್ರಲ್‌ನಲ್ಲಿ. ಪೆಟ್ರೋಲ್ ಉಳಿಯುತ್ತದಲ್ಲ ಅಂತ.

ಆ ಹುಡುಗ ಗುರುಗಳಿಗೆ ಬೈಯಲಾರದೆ ಸುಮ್ಮನೆ ನಿಂತದ್ದು ಈಗಲೂ ಕಣ್ಣ ಮುಂದಿದೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದಂತೆ. ನ್ಯೂಟ್ರಲ್ ಮಾಡಿದರೇ ಎಂಜಿನ್ ಆರದಿರಲಿ ಅಂತ ಪೆಟ್ರೋಲ್ ಕುಡಿಯೋದು. ಉಳಿತಾಯದ ಲೆಕ್ಕವೂ ತಪ್ಪು! ರಾತ್ರಿ ಮನೆಯಲ್ಲಿ ಕೂತು ಇನ್ನೊಂದು ಲೆಕ್ಕ ಹಾಕಿದೆವು. ಮಕ್ಕಳ ಸಮೇತ 1200 ಕಿಲೋ ತೂಕ, ಇಳಿಯುವ ಎತ್ತರ ಕಡಿಮೆ ಅಂದರೂ 500 ಮೀಟರ್ ಅಂತ ಹಿಡಿದರೆ ಸುಮಾರು 59 ಲಕ್ಷ ಜೂಲ್. 25 ಡಿಗ್ರಿಯ 18 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಒಂದು ದೊಡ್ಡ ಬಿಂದಿಗೆ. ಅದರಲ್ಲಿ ಬಹುಪಾಲನ್ನು ನಾಲ್ಕು ಚಕ್ರದ ಬ್ರೇಕಿನ ಮೇಲೆ ಹಾಕಿ, ಹಿಂದೆ ಮೂರು ಮಕ್ಕಳನ್ನು ಕೂರಿಸಿಕೊಂಡು ಹೊರಟಿದ್ದೆವು. ಎರಡನೇ ಗೇರು ಹಾಕಿದ್ದರೆ ಎಂಜಿನ್ನೇ ಎಷ್ಟೋ ಭಾಗ ಹೊತ್ತುಕೊಳ್ಳುತ್ತಿತ್ತು. ಆ ಮೂವರ ತಂದೆ ತಾಯಿಗಳ ಮನೆಗೆ ಹೋಗಿ ನಡೆದದ್ದನ್ನು ಹೇಳಿ ಬಂದಿದ್ದೇವೆ. ಹೇಳುವುದು ಸುಲಭವಿರಲಿಲ್ಲ. ಒಬ್ಬ ತಂದೆ ಮಾತಾಡದೆ ಎದ್ದು ಒಳಗೆ ಹೋದರು, ಆಮೇಲೆ ಕಾಫಿ ತಂದರು.

ಹಳೇ ಎಣ್ಣೆ ತೆಗೆದು, ಹೊಸದು ಹಾಕಿ, ಏರ್ ತೆಗೆಯಲು ಒಂದು ಗಂಟೆ ಹಿಡಿಯಿತು. ಹುಡುಗ ದುಡ್ಡು ತಗೊಳ್ಳಲಿಲ್ಲ. ಮಧ್ಯಾಹ್ನದ ಕಡೇ ಸರದಿ ನಿಧಾನವಾಗಿ ಓಡಿಸಿ, ಕೊನೇ ಸುತ್ತು ಬ್ರೇಕೇ ಮುಟ್ಟದೆ ತಣ್ಣಗೆ ಮಾಡಿಕೊಂಡು ಬಂದು ನಿಲ್ಲಿಸಿದೆವು. ಕಾದ ಬ್ರೇಕಿಗೆ ಹ್ಯಾಂಡ್ ಬ್ರೇಕ್ ಎಳೆಯಬಾರದು, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು ಅನ್ನೋದೂ ಅಲ್ಲೇ ಕಲಿತದ್ದು. ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಹಾಗಾಗಿ ಸಮಾರೋಪದ ಫೋಟೋಗೂ ನಿಲ್ಲದೆ ಹೊರಟೆವು. ಬಣ್ಣಾರಿಯಲ್ಲಿ ಅಮ್ಮನಿಗೆ ಕೈಮುಗಿದು, ಗಣಪತಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಮತ್ತೆ ಕೂರಿಸಿ ಘಾಟಿ ಹತ್ತಿದೆವು.

ಹೋದ ಶನಿವಾರ ಕ್ವಿಜ್ ಇತ್ತು. ಮೂವರಲ್ಲಿ ಇಬ್ಬರು ಅವತ್ತಿನವರೇ. ಓಡಿಸಿದವರು ವಿಜ್ಞಾನದವರು. ಮೇಲಿಂದಲೇ ಎರಡನೇ ಗೇರು. ಎಂಜಿನ್ ಗುಂಯ್ ಅನ್ನುತ್ತಿತ್ತು, ಹಿಂದಿನ ಬಸ್ಸಿನವನು ಹಾರನ್ ಹೊಡೆದೇ ಹೊಡೆದ, ಜಾಗ ಸಿಕ್ಕಲ್ಲಿ ಬಿಟ್ಟುಕೊಟ್ಟೆವು. ಮಕ್ಕಳು ತಿರುವಿನ ಬೋರ್ಡು ನೋಡಿ ಗಟ್ಟಿಯಾಗಿ ಎಣಿಸತೊಡಗಿದರು. ಇಪ್ಪತ್ತೇಳು, ಇಪ್ಪತ್ತಾರು... ಏಳು ಬಂದಾಗ ಮುಂದಿನ ಸೀಟಿನಲ್ಲಿದ್ದ ಗಣಿತದವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು. ಆರು ಅಂದರು. ಐದು ಅಂದರು.