ಹಿಂದಿನ ಸೀಟಿನ ಚಳಿ: ರಾಯದುರ್ಗದಿಂದ ಮಡಕಶಿರಕ್ಕೆ

ಅನಂತಪುರ ಸೀಮೆಯವರಾದ ನಾವು ಗಾಡಿಯಲ್ಲಿ ತಂಪು ಬಾರದಿದ್ದರೆ ಅಂದೇ ಮೆಕ್ಯಾನಿಕ್‌ನನ್ನು ಹುಡುಕುತ್ತೇವೆ. ಕಾವು ಬಾರದಿದ್ದರೆ ಆ ಮಾತನ್ನೇ ಎತ್ತುವುದಿಲ್ಲ. ಮಳೆ ಬಾರದ ಈ ಬಿಸಿಲು ನಾಡಿನಲ್ಲಿ ಹೀಟರ್ ಯಾರಿಗೆ ಬೇಕು? ಕಳೆದ ಪುಷ್ಯಮಾಸದಲ್ಲಿ ಅವ್ವನನ್ನು ಹೇಮಾವತಿಯ ಸಿದ್ಧೇಶ್ವರನ ದರ್ಶನಕ್ಕೆ ಕರೆದೊಯ್ದಾಗ ಈ ಅಲಕ್ಷ್ಯದ ಬೆಲೆ ನನಗೆ ತಿಳಿಯಿತು.

ನಮ್ಮದು ಉತ್ತರ ಭಾರತದಿಂದ ಕೈಬದಲಾಗಿ ಬಂದ ಹಳೆಯ ಎಸ್‌ಯುವಿ. ನಮ್ಮ ಕಡೆಯ ಇಂಥ ಗಾಡಿಗಳಲ್ಲಿ ಬಹುಪಾಲಿಗೆ ಹಿಂದಿನ ಸಾಲಿನಲ್ಲಿ ತಣ್ಣನೆಯ ಗಾಳಿಯ ಏರ್ಪಾಡಷ್ಟೇ ಇರುತ್ತದೆ. ಇದರಲ್ಲಿ ಹಿಂದಿನವರಿಗೂ ಬೇರೆಯೊಂದು ಚಿಕ್ಕ ಹೀಟರ್ ಇದೆ. ಬೆಳಗಿನ ಜಾವ ನಾಲ್ಕೂವರೆಗೆ ರಾಯದುರ್ಗ ಬಿಟ್ಟಾಗ ಕೋಟೆಯ ಬೆಟ್ಟ ಇನ್ನೂ ಕತ್ತಲಲ್ಲಿತ್ತು. ಅವ್ವ ಹುಟ್ಟಿದಾಗ ಈ ಊರು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳೊಡನೆ ರಾಯದುರ್ಗವೂ ಅತ್ತ ಹೋಯಿತು. ಮನೆ ಕದಲಲಿಲ್ಲ, ವಿಳಾಸ ಬದಲಾಯಿತು. ಮಡಕಶಿರದವರಿಗೂ ಇದು ಹೊಸದಲ್ಲ; 2022ರ ಏಪ್ರಿಲ್‌ನಲ್ಲಿ ಅವರ ತಾಲ್ಲೂಕು ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಮುಂದಿನ ಸೀಟಿನಲ್ಲಿ ನನಗೆ ಹಿತವಾದ ಬಿಸಿಗಾಳಿ ಬರುತ್ತಿತ್ತು. ಹಿಂದೆ ಅವ್ವ, ಎಂಟನೆಯ ತರಗತಿಯ ನನ್ನ ಮಗಳು. "ಚಳಿ ಆಗ್ತದೇನವ್ವಾ?" ಎಂದು ಎರಡು ಸಲ ಕೇಳಿದೆ. "ನೀ ರಸ್ತೆ ನೋಡಪಾ, ನಾ ಆರಾಮ ಅದೀನಿ" ಎಂದಳು. ಕಲ್ಯಾಣದುರ್ಗದಲ್ಲಿ ಚಹಾಕ್ಕೆ ಇಳಿದಾಗ ನೋಡಿದರೆ, ಮಗಳು ಅಜ್ಜಿಯ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದಳು. ಮುಟ್ಟಿದರೆ ಕಲ್ಲು ಮುಟ್ಟಿದಂತೆ. ಉಬ್ಬಸದ ದೇಹ, ಉಸಿರಿನಲ್ಲಿ ಆಗಲೇ ಸಣ್ಣಗೆ ಸಿಳ್ಳು ಕೇಳುತ್ತಿತ್ತು. ಸಾಕ್ಷಿಯ ಮಾತನ್ನು ಪರೀಕ್ಷಿಸದೆ ಒಪ್ಪಬಾರದೆಂದು ಇಪ್ಪತ್ತು ವರ್ಷ ನ್ಯಾಯಾಲಯದಲ್ಲಿ ವಾದಿಸಿದವನು ಹೆತ್ತವಳ ಮಾತನ್ನು ಹಾಗೆಯೇ ನಂಬಿದ್ದೆ. ಅವಳನ್ನು ಮುಂದೆ ಕೂರಿಸಿ, ನನ್ನ ಶಾಲು ಹೊದಿಸಿ, ನಿಧಾನವಾಗಿ ಹೊರಟೆ.

ಅಲ್ಲಿಂದ ಮುಂದೆ ದಾರಿ ಕರ್ನಾಟಕದ ಪಾವಗಡ ತಾಲ್ಲೂಕನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತದೆ. ಇದೇ ಊರುಗಳನ್ನು ಪೋಣಿಸಬೇಕಾದ ತುಮಕೂರು-ರಾಯದುರ್ಗ ರೈಲು ಮಾರ್ಗದ ಕೆಲಸ ವರ್ಷಗಳಿಂದ ನಡೆದಿದೆ. ಅದಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ತಿರುಮಣಿಯ ಸುತ್ತ ಸಾವಿರಾರು ಎಕರೆಯಲ್ಲಿ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ತಾಲ್ಲೂಕು ಪಾವಗಡ. ಅಂಥ ನೆಲದ ಮೇಲೆ ನಾವು ಅಂಗೈಯಗಲ ಕಾವಿಗಾಗಿ ಒದ್ದಾಡುತ್ತಿದ್ದೆವು.

ಮಡಕಶಿರದಲ್ಲಿ ಕೋಟೆಬೆಟ್ಟ ಕಾಣುವ ಇಳಿಜಾರು ರಸ್ತೆಯಲ್ಲಿ ಒಂದು ಚಿಕ್ಕ ಮೆಕ್ಯಾನಿಕ್ ಅಂಗಡಿ ಬಾಗಿಲು ತೆರೆದಿತ್ತು. "ಬಿಸಿಲಾಗೆ ಕುಂತ್ಕಳಿ ಅಜ್ಜೀ" ಎಂದು ಅವ್ವನಿಗೆ ಸ್ಟೂಲು ಹಾಕಿದ ಆ ಯುವಕ, ಕೆಲಸಕ್ಕೆ ಮೊದಲು ವಿಚಾರಣೆ ನಡೆಸಿದ. ಹಿಂದಿನ ಫ್ಯಾನು ತಿರುಗುತ್ತದೆಯೇ? ತಿರುಗುತ್ತದೆ, ಹಾಗಾದರೆ ಫ್ಯೂಸು, ಮೋಟಾರು ಸರಿಯಿವೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಂದಿನ ಜಾಗಕ್ಕೆ ಏರುತ್ತದೆಯೇ? ಏರುತ್ತದೆ. ಬಹಳ ದೂರ ಓಡಿದ ಮೇಲೂ ಅದು ಕೆಳಗೇ ನಿಂತಿದ್ದರೆ ಥರ್ಮೋಸ್ಟಾಟ್ ತೆರೆದುಕೊಂಡೇ ಉಳಿದಿದೆ ಎಂದು ಅರ್ಥವಂತೆ. ಗಾಡಿಯ ಕಾವು ಬೆಂಕಿಯಿಂದ ಬರುವುದಲ್ಲ. ಎಂಜಿನ್ನಿನ ಬಿಸಿಯನ್ನು ಹೊತ್ತ ನೀರು ಹೀಟರಿನ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ, ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ. ಹಿಂದಿನ ಹೀಟರಿಗೆ ಈ ನೀರು ಗಾಡಿಯ ಅಡಿಯಲ್ಲಿ ಎರಡು ಪೈಪುಗಳ ಮೂಲಕ ಹೋಗಿ ಬರಬೇಕು. ಆತ ಅಡಿಗೆ ತೂರಿ, ಬಟ್ಟೆ ಸುತ್ತಿದ ಕೈಯಿಂದ ಎರಡನ್ನೂ ಮುಟ್ಟಿದ. ಒಂದು ಬಿಸಿ, ಇನ್ನೊಂದು ತಣ್ಣಗೆ. ಎರಡೂ ಬಿಸಿಯಾಗಿದ್ದರೆ ಗಾಳಿಯ ದಾರಿ ತಿರುಗಿಸುವ ಒಳಗಿನ ಮುಚ್ಚಳವನ್ನು ಶಂಕಿಸಬೇಕಿತ್ತು. ಇಲ್ಲಿ ನೀರೇ ದಾಟುತ್ತಿರಲಿಲ್ಲ.

"ಬೋರ್ ನೀರು ಹಾಕಿದ್ರಾ ಸಾರ್?"

ಹಾಕಿದ್ದೆ, ವರ್ಷಗಟ್ಟಲೆ.

"ಕಾಯಿಸೋ ಪಾತ್ರೆ ತಳದಾಗೆ ಬೆಳ್ಳಗೆ ಕಟ್ಟಲ್ವಾ, ಅದೇ ಇಲ್ಲೂ ಕಟ್ಟೈತೆ."

ಎಂಜಿನ್ ಪೂರ್ತಿ ಆರುವವರೆಗೆ ಆತ ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಬಿಸಿಯಿದ್ದಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ, ಮಕ್ಕಳಿಗೂ ಇದನ್ನು ಹೇಳಿರಬೇಕು. ತೆರೆದಾಗ ಒಳಗೆ ನೀರು ಎಷ್ಟೋ ಕೆಳಗಿಳಿದಿತ್ತು. ಹಿಂದಿನ ಪೈಪಿನ ತುಕ್ಕು ಹಿಡಿದ ಜೋಡಣೆಯಲ್ಲಿ ಹನಿ ಹನಿಯಾಗಿ ಸೋರಿ ಹೋಗಿತ್ತು. ನನಗೆ ಮೈ ಜುಮ್ಮೆಂದದ್ದು ಆಗಲೇ. ಜನವರಿಯಲ್ಲಿ ಅವ್ವನ ಕಾಲಿಗೆ ಕಾವು ಕೊಡಬೇಕಾದ ನೀರೇ ಏಪ್ರಿಲ್‌ನಲ್ಲಿ ಎಂಜಿನ್ನನ್ನು ತಂಪಾಗಿಡಬೇಕಾದದ್ದು. ಇನ್ನೂ ಮೂರು ತಿಂಗಳು ಹೀಗೇ ಓಡಿಸಿದ್ದರೆ ಉರಿಬಿಸಿಲಿನಲ್ಲಿ, ನೆರಳಿಲ್ಲದ ದಾರಿಯಲ್ಲಿ, ಹೊಗೆಯಾಡುವ ಗಾಡಿಯೊಂದಿಗೆ ನಿಂತಿರುತ್ತಿದ್ದೆವು. ಹಿಂದಿನ ಸೀಟಿನ ಚಳಿ ನನಗೆ ಜಾರಿಯಾದ ನೋಟೀಸು.

ನೀರನ್ನು ಹಿಮ್ಮುಖವಾಗಿ ಹಾಯಿಸಿದಾಗ ಬಿಳಿಯ ಪುಡಿ, ಕೆಂಪು ರಾಡಿ ಹೊರಬಂದವು. ಜೋಡಣೆಯನ್ನು ತಾತ್ಕಾಲಿಕವಾಗಿ ಬಿಗಿದು, ಬಟ್ಟಿ ಇಳಿಸಿದ ನೀರಿಗೆ ಸಮಪಾಲು ಕೂಲೆಂಟ್ ಬೆರೆಸಿ ತುಂಬಿದ. ಬಳಿಕ ಗಾಡಿಯ ಮೂತಿಯನ್ನು ಏರಿಗೆ ಮಾಡಿ, ಎರಡೂ ಹೀಟರುಗಳನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿದ. ಒಳಗೆ ಸಿಕ್ಕ ಗಾಳಿ ಗುಳುಗುಳು ಎಂದು ಹೊರಟಿತು. ಗುಳ್ಳೆ ನಿಂತ ಮೇಲೆಯೇ ಮುಚ್ಚಳ ಹಾಕಿದ್ದು. ಹಿಂದೆ ಕುಳಿತಿದ್ದ ಮಗಳು, "ಅಪ್ಪಾ, ಬಂತು!" ಎಂದು ಕೂಗಿದಳು.

ಹೇಮಾವತಿ ತಲುಪಿದಾಗ ಮಧ್ಯಾಹ್ನ. ನೊಳಂಬರ ರಾಜಧಾನಿ ಹೆಂಜೇರು ಇದೇ. ದೊಡ್ಡೇಶ್ವರ ಗುಡಿಯ ಕರಿಗಲ್ಲಿನ ಕುಸುರಿಯನ್ನೂ ಕನ್ನಡ ಶಾಸನಗಳನ್ನೂ ಮಗಳಿಗೆ ತೋರಿಸಿದೆ; ಒಂದೆರಡು ಅಕ್ಷರ ಗುರುತಿಸಿ ಹಿಗ್ಗಿದಳು. ಲಿಂಗವಲ್ಲದೆ ಮಾನವರೂಪದಲ್ಲಿ ಕುಳಿತ ಸಿದ್ಧೇಶ್ವರನ ಎದುರು ಅವ್ವ ಬಹಳ ಹೊತ್ತು ನಿಂತಳು. ಉಸಿರು ಆಗ ಹದಕ್ಕೆ ಬಂದಿತ್ತು.

ಮರಳುವಾಗ ರಾತ್ರಿಯಾಯಿತು. ಕಲ್ಯಾಣದುರ್ಗ ದಾಟುತ್ತಿದ್ದಂತೆ ಹಿಂದಿನಿಂದ ಅವ್ವನ ದನಿ: "ಸ್ವಲ್ಪ ಕಡಿಮೆ ಮಾಡಪಾ, ಬೆವರು ಬರಾಕತ್ತೈತಿ."

ಕೆಳಗಿನ ಆ ತುಕ್ಕಿನ ಪೈಪನ್ನು ಯುಗಾದಿಯೊಳಗೆ ಬದಲಿಸಬೇಕು. ಬೋರ್ ನೀರಿನ ಕ್ಯಾನನ್ನು ಡಿಕ್ಕಿಯಿಂದ ಇಳಿಸಿದ್ದಾಗಿದೆ.