ತೋನ್ಸೆಪಾರಿನ ಕಲ್ಲು, ಉಗಾರದ ಎರಿ

ಪುಣೆಯಲ್ಲಿರುವ ಅಕ್ಕನ ಮಗ ಈ ಸಲ ನಮಗೆ ಊರಿನ ಹೆಸರು ಹೇಳಲಿಲ್ಲ, ಬರೀ ಅಂಕಿ ಕಳಿಸಿದ: 13 ಡಿಗ್ರಿ 22 ನಿಮಿಷ ಉತ್ತರ, 74 ಡಿಗ್ರಿ 40 ನಿಮಿಷ ಪೂರ್ವ. ಕೆಳಗೆ ಮೂರು ಪ್ರಶ್ನೆ. ಈ ಕಂಬಗಳಿಗೆ ಎಷ್ಟು ಮುಖ? ಯಾಕೆ ಹೀಗೆ ಸೀಳಿವೆ? ಈ ಕಲ್ಲು ನಮ್ಮ ಉಗಾರದ ಕಲ್ಲಿಗೆ ಏನಾಗಬೇಕು? ಫೋನ್ ಮಾಡಿದರೆ, "ಮಾಮಾ, ಅಲ್ಲೊಂದು ನಿಧಿ ಐತಿ. ಅಗಿಯೂದಿಲ್ಲ, ತರೂದಿಲ್ಲ. ನೋಡಿ ಉತ್ತರ ಬರದು ಕಳಸ್ರಿ" ಎಂದ. ಮಗಳು ನಕ್ಷೆ ತೆಗೆದು ಹುಡುಕಿದಳು. ಆ ಜಾಗ ಮಲ್ಪೆಯಾಚೆ ಸಮುದ್ರದೊಳಗಿತ್ತು. ಸೇಂಟ್ ಮೇರೀಸ್ ದ್ವೀಪ. ಅಲ್ಲಿಯವರ ಬಾಯಲ್ಲಿ ತೋನ್ಸೆಪಾರ್.

ಅವನಿಗೆ ಜಿಯೋಕ್ಯಾಶಿಂಗ್ ಹುಚ್ಚು. ಆಟ ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯ ತನಕ ಅಮೆರಿಕದ ಸೇನೆ ಜಿಪಿಎಸ್ ಸಂಕೇತವನ್ನು ಸಾಮಾನ್ಯ ಜನರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಯಂತ್ರ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ನೂರು ಮೀಟರಿನಷ್ಟು ಅಂತರ ಬೀಳುತ್ತಿತ್ತು. ಮೇ 2ರಂದು ಆ ಅಡ್ಡಿ ತೆಗೆದರು. ಮರುದಿನವೇ ಓರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬವರು ಊರಾಚೆ ಒಂದು ಕಪ್ಪು ಬಕೆಟ್ ಬಚ್ಚಿಟ್ಟು, ಅಕ್ಷಾಂಶ ರೇಖಾಂಶ ಬರೆದು, ಹುಡುಕಿ ನೋಡಿ ಎಂದು ಲೋಕಕ್ಕೆ ಸಾರಿದರು. ಇಂದು ಜಗತ್ತಿನ ತುಂಬ ಇಂಥ ಡಬ್ಬಿಗಳಿವೆ. ಸಿಕ್ಕವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಇದರದೇ ಇನ್ನೊಂದು ಬಗೆ ಅರ್ಥ್‌ಕ್ಯಾಶ್, 2004ರಲ್ಲಿ ಶುರುವಾದದ್ದು. ಅದರಲ್ಲಿ ಡಬ್ಬಿಯೇ ಇಲ್ಲ. ಆ ಜಾಗದ ಕಲ್ಲು, ಮಣ್ಣು, ನೀರೇ ನಿಧಿ. ಅವನ್ನು ನೋಡಿ ಉತ್ತರ ಕೊಟ್ಟರೆ ನಿಧಿ ಸಿಕ್ಕಿದಂತೆ. ಅಕ್ಕನ ಮಗ ಆ ಕ್ರಮ ಹಿಡಿದು, ಮನೆಮಂದಿಗೆಂದು ತಾನೇ ಒಂದು ಹೂಡಿದ್ದ.

ನಾವು ಉಗಾರ ಬುದ್ರುಕದವರು, ನಮಗೆ ನೀರು ಹೊಸದಲ್ಲ. ನಮ್ಮ ಕಬ್ಬಿಗೂ ಕುಡಿಯಲಿಕ್ಕೂ ಕೃಷ್ಣೆಯೇ. ಮಳೆಗಾಲದಲ್ಲಿ ಹೊಲಕ್ಕೆ ನುಗ್ಗುವವಳೂ ಅವಳೇ. ಆದರೆ ಸಮುದ್ರ ದೂರ. ಉಗಾರ ಖುರ್ದದ ಸ್ಟೇಷನ್ನಿನಿಂದ ಬೆಳಗಾವಿಗೆ ಹೋಗಿ, ಅಲ್ಲಿ ಪುಣೆಯಿಂದ ಎರ್ನಾಕುಲಕ್ಕೆ ಓಡುವ ಪೂರ್ಣಾ ಎಕ್ಸ್‌ಪ್ರೆಸ್ ಹಿಡಿದೆವು. ಲೋಂಡಾ ದಾಟಿದ ಮೇಲೆ ಕಾಡು, ಕ್ಯಾಸಲ್‌ರಾಕ್ ದಾಟಿದ ಮೇಲೆ ಘಟ್ಟ, ಸುರಂಗ, ದೂಧಸಾಗರ. ಮಡಗಾಂವ್‌ನಿಂದ ಮುಂದೆ ಕಾಳಿ, ಶರಾವತಿ ಒಂದೊಂದಾಗಿ ಕಿಟಕಿಯಾಚೆ ಸರಿದವು. ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದಾಗ ಅಂಗಿ ಮೈಗೆ ಅಂಟಿತ್ತು. ನಮ್ಮ ಒಣ ಬಿಸಿಲಿನವರಿಗೆ ಈ ಸೆಕೆ ಬೇರೆಯದೇ.

ರವಿವಾರ ದ್ವೀಪ ಜಾತ್ರೆಯಾಗಿರುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಕೆಲಸದ ದಿನವೇ ಮಲ್ಪೆಗೆ ಹೋದೆವು. ಬಂದರಿನ ತುಂಬ ಮೀನುದೋಣಿ, ಬಲೆ ಹೊಲಿಯುವವರು, ಐಸ್ ತುಂಬುವವರು. ದೋಣಿಯವರು ಹಿರಿಯರು. "ಮಳೆಗಾಲದಲ್ಲಿ ಬಂದಿದ್ರೆ ದೂರದಿಂದ ನೋಡಿ ಹೋಗ್ಬೇಕಿತ್ತು ಮಾರಾಯ್ರೆ, ಆಗ ಕಡಲು ಯಾರನ್ನೂ ಬಿಡೂದಿಲ್ಲ" ಎಂದರು. ಅರ್ಧ ಗಂಟೆಯ ಹಾದಿ. ದಡ ಹತ್ತಿರವಾದಂತೆ ನೀರು ಹಸಿರಾಯಿತು, ತೆಂಗಿನ ಸಾಲು ಎದ್ದುಬಂತು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಶಿಲುಬೆ ನೆಟ್ಟು ಸಂತ ಮೇರಿಯ ಹೆಸರಿಟ್ಟ ಎಂಬ ಪ್ರತೀತಿಯನ್ನೂ ದೋಣಿಯವರೇ ಹೇಳಿದರು. ನನಗೆ ತೋನ್ಸೆಪಾರ್ ಎಂಬ ಹೆಸರೇ ಹಿಡಿಸಿತು. ಎದುರು ದಡದ ತೋನ್ಸೆ ಅದರಲ್ಲಿ ಕೇಳಿಸುತ್ತದೆ.

ಕಾಲಡಿ ಮರಳಿಗಿಂತ ಚಿಪ್ಪೇ ಹೆಚ್ಚು. ಬಿಳಿ, ಕಂದು, ನಸುಗೆಂಪು ಚಿಪ್ಪುಗಳು ಹೆಜ್ಜೆಗೊಮ್ಮೆ ಕರಕರ ಎನ್ನುತ್ತವೆ. ಜೊತೆಗೆ ಬಂದವರು ತೆಂಗಿನ ನೆರಳಲ್ಲೇ ಕುಳಿತರು. ನಾವು ಪಡುವಣ ಬದಿಗೆ ನಡೆದೆವು. ಅಲ್ಲಿ ಗಾಳಿ ಮತ್ತು ತೆರೆ ಬಿಟ್ಟು ಬೇರೆ ಸದ್ದಿಲ್ಲ. ಕಲ್ಲಿನ ತುದಿಗೆ ಹೋಗುವವರನ್ನು ತಡೆಯಲು ಲೈಫ್‌ಗಾರ್ಡ್ ಒಬ್ಬರು ಆಗಾಗ ಸಿಳ್ಳೆ ಊದುತ್ತಿದ್ದರು, ಅಷ್ಟೇ.

ಕಂಬಗಳು ಅಲ್ಲಿವೆ. ಕಪ್ಪು-ಕಂದು ಬಣ್ಣದ ಕಲ್ಲಿನ ಕಂಬಗಳು ಒಂದರ ಮಗ್ಗುಲಿಗೆ ಒಂದು ಒತ್ತಿಕೊಂಡು ನಿಂತಿವೆ. ಕೆಲವು ಆಳೆತ್ತರ ಮೀರಿವೆ, ಕೆಲವು ತೆರೆಯ ಹೊಡೆತಕ್ಕೆ ಮೊಣಕಾಲೆತ್ತರಕ್ಕೆ ಮುರಿದಿವೆ. ಮುರಿದವುಗಳ ನೆತ್ತಿಯೇ ನೋಡಲು ಚೆಂದ, ನೆಲಕ್ಕೆ ಫರ್ಶಿ ಹಾಸಿದ ಹಾಗೆ. ಮಗಳು ಒಂದರ ಮುಂದೆ ಕುಕ್ಕರಿಸಿ, ಮೂಲೆಯಿಂದ ಮೂಲೆಗೆ ಬೆರಳೆಳೆದು ಎಣಿಸಿದಳು. ಆರು. ಪಕ್ಕದ್ದು ಐದು. ಅದರಾಚೆಯದು ಏಳು. ಮುಖಕ್ಕೆ ಗೇಣಿಟ್ಟು ಅಳೆದಳು. ಯಾವ ಎರಡು ಮುಖವೂ ಒಂದೇ ಅಳತೆಯವಲ್ಲ. ಬಿರುಕಿನೊಳಗೆ ಕಬ್ಬಿಣದ ತುಕ್ಕಿನ ಕೆಂಪು, ಅದರ ಮೇಲೆ ಉಪ್ಪಿನ ಸಣ್ಣ ಹರಳು, ಕೆಳಗೆ ನೀರು ತಾಗುವಲ್ಲಿ ಬಿಡದೆ ಅಂಟಿಕೊಂಡ ಪುಟ್ಟ ಚಿಪ್ಪುಹುಳಗಳು. "ಅಪ್ಪಾ, ಇದನ್ನ ಯಾರೂ ಕಡದಿಲ್ಲಲಾ?" ಎಂದು ಕೇಳಿದಳು. ಇಲ್ಲ, ಉಳಿ ಸೋಕಿದ ಕಲ್ಲಲ್ಲ ಅದು.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನನಗೆ ಉಗಾರದ ಹೊಲವೇ ನೆರವಾಯಿತು. ಬೇಸಿಗೆಯಲ್ಲಿ ಖಾಲಿ ಬಿಟ್ಟ ಎರಿಹೊಲ, ಅಂದರೆ ಕರಿಮಣ್ಣಿನ ಹೊಲ, ಹೇಗೆ ಬಿರಿಯುತ್ತದೆ? ಹಸಿ ಆರಿದಂತೆ ಮಣ್ಣು ಕುಗ್ಗುತ್ತದೆ, ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಸೀಳು ಸೀಳು ಕೂಡಿ ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗುತ್ತವೆ. ಇಲ್ಲಿ ಆರಿದ್ದು ನೀರಲ್ಲ, ಬೆಂಕಿಯಂಥ ಕಾವು. ಹರಿದು ನಿಂತ ಲಾವಾ ಮೇಲಿನಿಂದಲೂ ಕೆಳಗಿನಿಂದಲೂ ತಣ್ಣಗಾಗುತ್ತ ಬಂದಂತೆ ಕುಗ್ಗಿತು. ಮೇಲ್ಮೈಯಲ್ಲಿ ಹುಟ್ಟಿದ ಸೀಳು ಕಾವಿನ ಬೆನ್ನು ಹತ್ತಿ ಒಳಗಿಳಿಯಿತು. ಹೊಲದ ಬಿರುಕು ಮಳೆ ಬಂದರೆ ಮುಚ್ಚುತ್ತದೆ. ಇದು ಕೋಟ್ಯಂತರ ವರ್ಷದಿಂದ ಹಾಗೇ ನಿಂತಿದೆ.

ಮೂರನೆಯದು ದೊಡ್ಡ ಪ್ರಶ್ನೆ. ದ್ವೀಪದ ಕಲ್ಲಿಗೆ ಸುಮಾರು 8.5ರಿಂದ 9 ಕೋಟಿ ವರ್ಷ ವಯಸ್ಸು. ಆಗ ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಇದು. ಇದೇ ಕಾಲದ ಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡುತ್ತಾರೆ. ಆಮೇಲೆ ಭಾರತ ಬಡಗಕ್ಕೆ ಸರಿಯುತ್ತ ಹೋಯಿತು, ಸುಮಾರು 6.6 ಕೋಟಿ ವರ್ಷದ ಹಿಂದೆ ಮತ್ತೊಮ್ಮೆ ನೆಲ ಬಾಯಿ ಬಿಟ್ಟಿತು. ಆಗ ಹರಿದದ್ದೇ ದಖ್ಖನ್ನಿನ ಬಸಾಲ್ಟ್. ಅಥಣಿ, ಕಾಗವಾಡ, ಚಿಕ್ಕೋಡಿ ಸೀಮೆ ಅದರ ಮೇಲೆಯೇ ಕುಳಿತಿದೆ. ನಮ್ಮ ಕರಿಮಣ್ಣು ಅದೇ ಕಲ್ಲು ಸವೆದು ಆದದ್ದು. ಕಲ್ಲಿನ ಗುಣವೂ ಒಂದಲ್ಲ. ದ್ವೀಪದ ಲಾವಾದಲ್ಲಿ ಸಿಲಿಕಾ ಹೆಚ್ಚು, ನಮ್ಮ ಬಸಾಲ್ಟಿನಲ್ಲಿ ಕಡಿಮೆ. ಇದನ್ನೆಲ್ಲ ಕೇಳಿ ಮಗಳು ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: "ಅಣ್ಣತಮ್ಮ ಅಲ್ಲ. ದೊಡ್ಡಪ್ಪ ಆಗಬೇಕು."

ಇಂಥಲ್ಲಿ ಯಾರೂ ಡಬ್ಬಿ ತಂದು ಬಿರುಕಿಗೆ ತುರುಕಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಒಂದು ಡಬ್ಬಿ ಹುಡುಕಲು ಬಂದವರು ಹತ್ತು ಕಲ್ಲು ಸರಿಸುತ್ತಾರೆ. ಕಂಬದ ಮೇಲೆ ಹೆಸರು ಕೊರೆದವರ ಗುರುತನ್ನೂ, ಸಂದಿಗೆ ಬಾಟಲಿ ಸಿಕ್ಕಿಸಿ ಹೋದವರ ಗುರುತನ್ನೂ ಅಲ್ಲಿ ನೋಡಿದೆ, ಹೊಟ್ಟೆ ಉರಿಯಿತು. ಚಿಪ್ಪನ್ನು ಚೀಲಕ್ಕೆ ತುಂಬುವ ಮಕ್ಕಳಿಗೆ ಬೇಡ ಎನ್ನಬೇಕಾದದ್ದು ದೊಡ್ಡವರು. ನನ್ನ ಮಗಳು ಕೈಯಲ್ಲಿದ್ದ ಒಂದನ್ನು ಮರಳಿ ಇಟ್ಟಳು, ಹೇಳಿಸಿಕೊಳ್ಳದೆ.

ಸಂಜೆಗೆ ಮೊದಲೇ ದ್ವೀಪ ಬಿಡಬೇಕು, ಅಲ್ಲಿ ರಾತ್ರಿ ಉಳಿಯಲು ಯಾರಿಗೂ ಅವಕಾಶವಿಲ್ಲ. ಮಲ್ಪೆಗೆ ಮರಳಿ, ವಡಭಾಂಡೇಶ್ವರದ ಬಲರಾಮನಿಗೆ ಕೈಮುಗಿದು, ನೆಟ್‌ವರ್ಕ್ ಸಿಕ್ಕಲ್ಲಿ ಉತ್ತರ ಕಳಿಸಿದೆವು. ಅಕ್ಕನ ಮಗ ಕೂಡಲೇ ಫೋನ್ ಮಾಡಿದ. ಮೊದಲನೆಯದೂ ಮೂರನೆಯದೂ ಸರಿ. ಎರಡನೆಯದಕ್ಕೆ ಕಂಬದ ಪಕ್ಕದಲ್ಲಿ ಇಟ್ಟು ನೋಡಲು ಬಿರಿದ ಎರಿಹೊಲದ ಫೋಟೋ ಬೇಕಂತೆ.

ಅದೇ ಕಷ್ಟದ ಕೆಲಸ. ವರ್ಷವಿಡೀ ಕಬ್ಬಿಗೆ ನೀರು ಹಾಯುವ ಹೊಲ ಬಿರಿಯುವುದಿಲ್ಲ. ನೀರು ಕೆಳಗೆ ನಿಂತು, ಉಪ್ಪು ಮೇಲೆದ್ದು, ಜವಳು ಹಿಡಿದು ಬೆಳ್ಳಗಾಗುತ್ತದೆ. ಆ ಉಪ್ಪುನೀರು ಬಸಿಯಲು ನಮ್ಮಲ್ಲಿ ನೆಲದೊಳಗೆ ಪೈಪು ಹೂಳಬೇಕಾಗಿ ಬಂದಿದೆ. ಬೇಸಿಗೆಗೆ ಬಿರಿದು, ಮೇಲಿನ ಮಣ್ಣನ್ನು ತಾನೇ ಒಳಗೆಳೆದುಕೊಂಡು ತನ್ನನ್ನು ತಾನೇ ಉಳುವ ಎರಿ ಊರಿನ ಹಿರಿಯರಿಗೆ ಗೊತ್ತು. ಎಪ್ರಿಲ್‌ನಲ್ಲಿ ಅಂಥದೊಂದು ಪಟ್ಟಿ ಎಲ್ಲಿ ಉಳಿದಿದೆ ಎಂದು ಅವರನ್ನೇ ಕೇಳಬೇಕು. "ಫೋಟೋ ಯಾಕ, ನೀನ ಬಾ" ಎಂದೆ. "ಅಷ್ಟರಾಗ ನಾವು ಹುಡಕಿ ಇಟ್ಟಿರ್ತೀವಿ."