ಬಿಸಿಲಿನ ಜಮಾ-ಖರ್ಚು

ಹುಬ್ಬಳ್ಳಿಯ ವರ್ತಕರಿಗೆ ಜಮಾ-ಖರ್ಚನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಆದರೂ ಮಾಳಿಗೆಯ ಮೇಲೆ ಸೋಲಾರ ಫಲಕಗಳನ್ನು ಹಾಕಿಸುವ ಮಾತು ಬಂದಾಗ ಅವರಲ್ಲಿ ಅನೇಕರು ಖರ್ಚನ್ನು ಬರೆಯುವ ಮೊದಲೇ ಜಮೆಯನ್ನು ಎಣಿಸತೊಡಗುವರು. ಎಷ್ಟು ಫಲಕ ಹಿಡಿಸಬಹುದೆಂಬುದೇ ಅವರ ಮೊದಲ ಪ್ರಶ್ನೆ. ಯಾವುದು ನಿಂತರೆ ಹಾನಿಯಾದೀತೆಂದು ಕೇಳುವವರು ವಿರಳ.

ಪೇಟೆಯ ಔಷಧದ ವರ್ತಕರೊಬ್ಬರು ತಮ್ಮ ಮೂರು ಅಂತಸ್ತಿನ ಕಟ್ಟಡಕ್ಕೆ ಇಂತಹ ಏರ್ಪಾಡನ್ನು ಮಾಡಿಸಲು ಬಯಸಿದರು. ಅಂಗಡಿಯಲ್ಲಿ ಕೂಡಿಟ್ಟ ಇನ್ಸುಲಿನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿರತಕ್ಕದ್ದು. ರಾತ್ರಿಯೆಲ್ಲ ವಿದ್ಯುತ್ತಿಲ್ಲದಿದ್ದರೆ ಕೆಡುವದು ಮಾಲೊಂದೇ ಅಲ್ಲ, ಅದನ್ನು ನಂಬಿದ ರೋಗಿಯ ಆರೋಗ್ಯವೂ ಅಹುದು. ಬ್ಯಾಟರಿಯಿಲ್ಲದೆ ಹೆಸ್ಕಾಂನ ತಂತಿಗೆ ಜೋಡಿಸಿದ ಫಲಕಗಳಾದರೋ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ, ಹಗಲಿನ ಉರಿಬಿಸಿಲಿನಲ್ಲಿಯೂ, ತಾವೂ ನಿಲ್ಲುವವು. ಕಂಬವನ್ನೇರಿದ ಕೆಲಸಗಾರನ ಜೀವರಕ್ಷಣೆಗಾಗಿ ಈ ಕಟ್ಟಳೆ. ಆದುದರಿಂದ ಬ್ಯಾಟರಿಯು ಬೇಕೇ ಬೇಕಾಯಿತು.

"ಎಲ್ಲಾನೂ ನಡೀಬೇಕು ತಂಗಿ" ಎಂದರು ವರ್ತಕರು.

"ಹಂಗಾದರ ನಿಮ್ಮ ಮಾಳಿಗಿ ಸಾಲೂದಿಲ್ರಿ ಸಾವ್ಕಾರ್ರ" ಎಂದಳು ಎಂಜಿನಿಯರ ತರುಣಿ.

ಲೆಕ್ಕವು ಅವಳ ಮಾತನ್ನೇ ಸಮರ್ಥಿಸಿತು. ಕಟ್ಟಡದ ದಿನದ ಖರ್ಚು ೧೨೦ ಯೂನಿಟ್ಟು. ಅದರಲ್ಲಿ ೮೮ ಎ.ಸಿ. ಯಂತ್ರಗಳಿಗೂ ಲಿಫ್ಟಿಗೂ ಹೋಗುತ್ತಿದ್ದವು. ಔಷಧದ ಫ್ರಿಜ್ಜು, ದೀಪ, ಪಂಖ, ಕಂಪ್ಯೂಟರು, ನೀರಿನ ಪಂಪು ಕೂಡಿ ೩೨ ಮಾತ್ರ. ಲಿಥಿಯಂ ಬ್ಯಾಟರಿಯನ್ನು ನೂರಕ್ಕೆ ೮೦ರಷ್ಟೇ ಬರಿದುಮಾಡುವದೆಂದೂ, ಇನ್ವರ್ಟರಿನಲ್ಲಿ ನೂರಕ್ಕೆ ೧೦ ಸೋರುವದೆಂದೂ ಹಿಡಿದರೆ, ಅವಶ್ಯಕವಾದವುಗಳನ್ನು ಒಂದು ದಿನ ನಡೆಯಿಸಲು ಸುಮಾರು ೪೫ ಯೂನಿಟ್ಟಿನ ಬ್ಯಾಟರಿ ಸಾಕು. ಎಲ್ಲವೂ ನಡೆಯಬೇಕಾದರೆ ೧೬೭ ಯೂನಿಟ್ಟಿನದು ಬೇಕು.

ಜಮೆಯ ಕಡೆಗೂ ಇದೇ ಪಾಡು. ಒಂದು ಕಿಲೋವ್ಯಾಟಿನ ಫಲಕಗಳು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕಕ್ಕೂ ಮಿಕ್ಕಿ ಯೂನಿಟ್ಟು ಕೊಡುವವು. ಆದರೆ ಮಲೆನಾಡಿನ ಸೆರಗಿನಲ್ಲಿರುವ ಈ ಸೀಮೆಯಲ್ಲಿ ಆಷಾಢ-ಶ್ರಾವಣಗಳ ಮೋಡವು ದಿನಗಟ್ಟಲೆ ಕವಿದಿರುವದು. ಆದಕಾರಣ ತರುಣಿಯು ಎರಡೂವರೆ ಯೂನಿಟ್ಟನ್ನೇ ಹಿಡಿದಳು. ಬ್ಯಾಟರಿ ತುಂಬುವಾಗಿನ ಸೋರಿಕೆಯನ್ನೂ ಕೂಡಿಸಲು, ೩೨ ಯೂನಿಟ್ಟಿಗೆ ೧೬ ಕಿಲೋವ್ಯಾಟು, ಅಂದರೆ ಸುಮಾರು ೧೬೦೦ ಚದರಡಿಯ ಸ್ಥಳ ಬೇಕಾಯಿತು. ಎಲ್ಲವನ್ನೂ ನಡೆಯಿಸುವದಕ್ಕೆ ಹತ್ತಿರ ಹತ್ತಿರ ೬೦೦೦ ಚದರಡಿ. ಮಾಳಿಗೆಯಾದರೋ ೨೪೦೦ ಚದರಡಿಯದು.

ವರ್ತಕರು ಬಹಳ ಹೊತ್ತು ಆ ಅಂಕಿಗಳನ್ನು ನೋಡಿದರು. ಕೊನೆಗೆ ಬ್ಯಾಟರಿಯ ಯಾದಿಯಿಂದ ಮೊದಲು ಹೊಡೆದುಹಾಕಿದ್ದು ತಮ್ಮ ಸ್ವಂತ ಕೋಣೆಯ ಎ.ಸಿ.ಯನ್ನು, ಆಮೇಲೆ ಉಳಿದವುಗಳನ್ನು. ಬೇಸಿಗೆಯಲ್ಲಿ ಮಿಕ್ಕ ಬಿಸಿಲಿನ ವಿದ್ಯುತ್ತಿನಿಂದ ಹಗಲು ಅವು ನಡೆಯಲೆಂದು ತೀರ್ಮಾನವಾಯಿತು.

ಕೊಂಡುದನ್ನು ಸಾವಿರಪಟ್ಟಾಗಿ ಹಿಂದಿರುಗಿಸುವನೆಂದು ಕವಿಗಳು ಸೂರ್ಯನನ್ನು ಹೊಗಳಿದ್ದಾರೆ. ಬ್ಯಾಟರಿಗೆ ಆ ಔದಾರ್ಯವಿಲ್ಲ. ೧೮೫೯ರಲ್ಲಿ ಫ್ರಾನ್ಸಿನ ಪ್ಲಾಂಟೆಯು ನಿರ್ಮಿಸಿದ ಸೀಸದ ಬ್ಯಾಟರಿಯಿಂದ ಇಂದಿನ ಲಿಥಿಯಂ ಬ್ಯಾಟರಿಯವರೆಗೂ ಪ್ರತಿಯೊಂದೂ ಇಟ್ಟದ್ದಕ್ಕಿಂತ ಕಡಿಮೆಯನ್ನೇ ಮರಳಿ ಕೊಡುವದು. ಬಿಸಿಲು ಪುಕ್ಕಟೆಯಾದರೂ ಅದರ ಶಿಲ್ಕು ಪುಕ್ಕಟೆಯಲ್ಲ. ಆ ಶಿಲ್ಕನ್ನು ಯಾರಿಗಾಗಿ ಕಾದಿಡಬೇಕೆಂಬುದನ್ನು ಫಲಕಗಳು ಹೇಳಲಾರವು. ಅದನ್ನು ಮನೆಯ ಯಜಮಾನನೇ ನಿರ್ಣಯಿಸಬೇಕು.